ಕೊಳವೆಯ ನೀರನ್ನು ಅಳೆಯುವ ವಿದ್ಯುತ್ಕಾಂತ ಮಾಪಕ

ಕಾಫಿಗೆ ಹೂಮಳೆಯ ಬದಲು ತುಂತುರು ನೀರು ಕೊಡುವಾಗ ನಾವು ಸಾಮಾನ್ಯವಾಗಿ ಪಂಪು ಓಡಿದ ಗಂಟೆಗಳನ್ನು ಲೆಕ್ಕ ಹಾಕುತ್ತೇವೆ. ಆದರೆ ವೋಲ್ಟೇಜು ಇಳಿದರೆ, ಫುಟ್‌ವಾಲ್ವಿಗೆ ಕಸ ಕಟ್ಟಿದರೆ, ಗಂಟೆ ಅಷ್ಟೇ, ನೀರು ಕಡಿಮೆ. ಎಕರೆಗೆ 1 ಇಂಚು ನೀರೆಂದರೆ ಸುಮಾರು 1 ಲಕ್ಷ ಲೀಟರು. ನೀರು ಸಾಲದಿದ್ದರೆ ಮೊಗ್ಗು ಸರಿಯಾಗಿ ಅರಳದೆ ಫಸಲು ಕೈತಪ್ಪುತ್ತದೆ.

ಹರಿದ ನೀರನ್ನೇ ಅಳೆಯುವ ಸಾಧನಗಳಲ್ಲಿ ವಿದ್ಯುತ್ಕಾಂತ ಮಾಪಕವೂ ಒಂದು. ಕಾಂತಕ್ಷೇತ್ರವನ್ನು ಅಡ್ಡ ಹಾಯುವ ವಾಹಕದಲ್ಲಿ ವಿದ್ಯುತ್ ಒತ್ತಡ ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆಯವರು 1831ರಲ್ಲಿ ತೋರಿಸಿದರು. ಇಲ್ಲಿ ನೀರೇ ಆ ವಾಹಕ. ಹೊರಗಿನ ತಂತಿಸುರುಳಿಗಳು ಕಾಂತಕ್ಷೇತ್ರವನ್ನು ಒದಗಿಸುತ್ತವೆ. ಒಳಗೋಡೆಯ ಎರಡು ಪಕ್ಕದ ಎಲೆಕ್ಟ್ರೋಡುಗಳು ಆ ಸಣ್ಣ ಒತ್ತಡವನ್ನು ಹಿಡಿಯುತ್ತವೆ. ವೇಗ ಇಮ್ಮಡಿಯಾದರೆ ಒತ್ತಡವೂ ಇಮ್ಮಡಿ. ವೇಗವನ್ನು ಕೊಳವೆಯ ಒಳಬಾಯಿಯ ವಿಸ್ತೀರ್ಣದಿಂದ ಗುಣಿಸಿದರೆ ಹರಿವು ಸಿಗುತ್ತದೆ. ಒಳವ್ಯಾಸ 100 ಮಿ.ಮೀ., ವೇಗ ಸೆಕೆಂಡಿಗೆ 1.5 ಮೀಟರು ಇದ್ದರೆ, ಸೆಕೆಂಡಿಗೆ ಸುಮಾರು 12 ಲೀಟರು. ಎಕರೆಗೆ 1 ಇಂಚು ಕೊಡಲು ಸುಮಾರು ಎರಡೂವರೆ ಗಂಟೆ ಬೇಕು.

ಒಳಗೆ ತಿರುಗುವ ಚಕ್ರವಿಲ್ಲದ್ದರಿಂದ ಮರಳು, ಎಲೆಚೂರು ಸಿಕ್ಕಿ ಮಾಪಕ ನಿಲ್ಲುವ ಭಯವಿಲ್ಲ. ಆದರೆ ಈ ನಿಯಮಗಳನ್ನು ಪಾಲಿಸಬೇಕು:

1. ಕೊಳವೆ ತುಂಬಿ ಹರಿಯಬೇಕು. ಅರೆ ತುಂಬಿದ್ದರೂ ಸಾಮಾನ್ಯ ಮಾಪಕವು ಪೂರ್ತಿ ತುಂಬಿದೆಯೆಂದೇ ಲೆಕ್ಕ ಹಾಕುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ಬೇಡ, ನೀರು ಮೇಲೇರುವ ಕಡೆ ಜೋಡಿಸಿರಿ.

2. ಮಾಪಕಕ್ಕೆ ಮುಂಚೆ ವ್ಯಾಸದ 5 ಪಟ್ಟಾದರೂ ನೇರ ಕೊಳವೆಯಿರಲಿ.

3. ಭೂಸಂಪರ್ಕ ಸರಿಯಾಗಿರಲಿ.

4. ಡೀಸೆಲು ಅಳೆಯಲು ಇದು ಬಾರದು. ಡೀಸೆಲು ವಿದ್ಯುತ್ತನ್ನು ಒಯ್ಯುವುದಿಲ್ಲವೆನ್ನಬಹುದು.

ಗಿಡಕ್ಕೆ ಬೇಕಾದದ್ದು ನೀರು, ಗಂಟೆಯಲ್ಲ. ಲೀಟರು ನೋಡಿ ಪಂಪು ನಿಲ್ಲಿಸೋಣ.