ತರಗತಿಯ ಸಾಮಗ್ರಿಗೆ ಹತ್ತು ಕೈಗಳ ನೆರವು: ಆನ್‌ಲೈನ್ ದೇಣಿಗೆ ಕೋರುವ ಶಿಕ್ಷಕರಿಗೊಂದು ಕೈಪಿಡಿ

ಒಂದು ಅಗತ್ಯಕ್ಕೆ ಹಲವರು ತಮ್ಮ ಕೈಲಾದಷ್ಟು ಸಣ್ಣ ಮೊತ್ತ ಸೇರಿಸಿ ಕೊಡುವ ಪದ್ಧತಿಗೆ ಈಗ ಕ್ರೌಡ್‌ಫಂಡಿಂಗ್ ಅಥವಾ ಸಮೂಹ ದೇಣಿಗೆ ಎಂಬ ಹೆಸರು ಬಂದಿದ್ದು, ಹೆಸರು ಹೊಸದಾದರೂ ಅದರ ತಿರುಳು ಮಂಡ್ಯ ಸೀಮೆಗೆ ಅಪರಿಚಿತವಲ್ಲ. ಪಾಂಡವಪುರ ತಾಲ್ಲೂಕಿನ ಚಿನಕುರಳಿ ಹೋಬಳಿಯಲ್ಲಿ, ಹಾಗೆಯೇ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಮದುವೆಮನೆಗಳಲ್ಲಿ ಮುಯ್ಯಿ ಬರೆಯುವವರು ಪುಸ್ತಕ ಹಿಡಿದು ಒಂದು ಬದಿಗೆ ಕೂರುತ್ತಾರೆ. ಕೊಟ್ಟವರ ಹೆಸರು, ಊರು, ಮೊತ್ತ ಮೂರೂ ಒಂದೇ ಸಾಲಿನಲ್ಲಿ ದಾಖಲಾಗುತ್ತವೆ. ಮುಂದೆ ಕೊಟ್ಟವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅದೇ ಪುಸ್ತಕ ತೆಗೆದು ನೋಡಿ ಮುಯ್ಯಿ ತೀರಿಸಲಾಗುತ್ತದೆ. ಸರ್ಕಾರಿ ಶಾಲೆಗಾಗಿ ಅಂತರಜಾಲದಲ್ಲಿ ನೆರವು ಕೋರುವ ಶಿಕ್ಷಕರು ಈ ಪುಸ್ತಕದಿಂದ ಕಲಿಯಬೇಕಾದದ್ದು ಬಹಳವಿದೆ, ಏಕೆಂದರೆ ಮೊದಲ ಸಲ ಕೊಡುವವರು ಮರುಕದಿಂದ ಕೊಟ್ಟರೂ ಎರಡನೆಯ ಸಲ ಕೊಡುವವರು ಲೆಕ್ಕ ನೋಡಿಯೇ ಕೊಡುತ್ತಾರೆ.

ಶಿಕ್ಷಕರೇ ತಮ್ಮ ತರಗತಿಯ ಕೊರತೆಯನ್ನು ನೇರವಾಗಿ ಸಾರ್ವಜನಿಕರ ಮುಂದಿಡುವ ಆಧುನಿಕ ಕ್ರಮಕ್ಕೆ ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಆರಂಭವಾದ ಡೋನರ್ಸ್‌ಚೂಸ್ ಸಂಸ್ಥೆ ಪ್ರಸಿದ್ಧ ಮಾದರಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಪಾಠ ಮಾಡುತ್ತಿದ್ದ ಚಾರ್ಲ್ಸ್ ಬೆಸ್ಟ್ ಎಂಬ ಶಿಕ್ಷಕರು ಸ್ಥಾಪಿಸಿದ ಈ ಸಂಸ್ಥೆಯು ಸಂಗ್ರಹವಾದ ಹಣವನ್ನು ಶಿಕ್ಷಕರ ಕೈಗೆ ಕೊಡದೆ, ಅವರು ಕೇಳಿದ ವಸ್ತುವನ್ನೇ ಖರೀದಿಸಿ ಶಾಲೆಗೆ ಕಳುಹಿಸುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಜಾಲತಾಣವೂ ಹಣದ ವ್ಯವಹಾರವನ್ನು ಹೊರಗಿಟ್ಟು ವಸ್ತು ಮತ್ತು ಸೇವೆಗಳನ್ನಷ್ಟೇ ಒಪ್ಪುತ್ತದೆ. ಹಣ ಕೇಳುವುದಕ್ಕಿಂತ ವಸ್ತು ಕೇಳುವುದು ಸುರಕ್ಷಿತವೆಂಬ ಈ ವಿವೇಕವೇ ಮುಂದಿನ ಎಲ್ಲ ಹೆಜ್ಜೆಗಳಿಗೂ ಆಧಾರವಾಗಿರುವುದು ಒಳಿತು.

ಬೇಕಾದದ್ದರ ಪಟ್ಟಿ

ಮೊದಲ ಹೆಜ್ಜೆಯೆಂದರೆ ಸರ್ಕಾರದಿಂದ ಬರುವುದೇನು, ಬಾರದಿರುವುದೇನು ಎಂಬುದನ್ನು ಬೇರ್ಪಡಿಸಿ ಬರೆದುಕೊಳ್ಳುವುದು. ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಕಾಲುಚೀಲ, ಬಿಸಿಯೂಟ, ಹಾಲು ಇವು ಸರ್ಕಾರದ ಹೊಣೆಯಾಗಿರುವುದರಿಂದ ಅವುಗಳಿಗಾಗಿ ದಾನಿಗಳ ಬಳಿ ಹೋಗುವುದು ಸರಿಯಲ್ಲ. 2018ರಿಂದ ಜಾರಿಯಲ್ಲಿರುವ ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಶಾಲೆಗೂ ಮಕ್ಕಳ ಸಂಖ್ಯೆಗನುಗುಣವಾಗಿ ಸಂಯುಕ್ತ ಶಾಲಾ ಅನುದಾನ, ಅಂದರೆ ನಿರ್ವಹಣೆ, ದುರಸ್ತಿ, ಬೋಧನಾ ಸಾಮಗ್ರಿ ಎಲ್ಲಕ್ಕೂ ಸೇರಿಸಿ ಕೊಡುವ ಒಂದೇ ಮೊತ್ತ ನಿಗದಿಯಾಗಿದೆ. ಯೋಜನೆಯ ಮಾರ್ಗಸೂಚಿಯಂತೆ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000 ರೂಪಾಯಿ ಸಲ್ಲುತ್ತದೆ. ಇದರಲ್ಲಿ ಕನಿಷ್ಠ ಶೇಕಡ 10ನ್ನು ಸ್ವಚ್ಛತೆಗೇ ಮೀಸಲಿಡಬೇಕು. ಹತ್ತು ಸಾವಿರದಲ್ಲಿ ಸ್ವಚ್ಛತೆಯ ಪಾಲನ್ನು ತೆಗೆದು, ಸೀಮೆಸುಣ್ಣ, ಕಚೇರಿಯ ಕಾಗದಪತ್ರ, ಮುರಿದ ನಲ್ಲಿಯ ರಿಪೇರಿ ಇವನ್ನು ಮುಗಿಸಿದ ಮೇಲೆ ತರಗತಿಯೊಳಗೆ ಬಂದು ತಲುಪುವುದು ಎಷ್ಟೆಂದು ಸಣ್ಣ ಶಾಲೆಗಳ ಮುಖ್ಯಶಿಕ್ಷಕರಿಗೆ ಚೆನ್ನಾಗಿ ತಿಳಿದಿದೆ, ಮತ್ತು ಇಂತಹ ಶಾಲೆಗಳಲ್ಲಿ ಶಿಕ್ಷಕರು ಸದ್ದಿಲ್ಲದೆ ತಮ್ಮ ಸಂಬಳದಿಂದಲೇ ಗೋಂದು, ಬಣ್ಣ, ಡ್ರಾಯಿಂಗ್ ಶೀಟ್ ತರುತ್ತಿರುವುದನ್ನು ಸಮಾಜ ಗಮನಿಸಬೇಕಾಗಿದೆ.

ಕೊರತೆ ಎಲ್ಲಿ ಕಾಣುತ್ತದೆಂಬುದಕ್ಕೆ ನಲಿಕಲಿ ಕೊಠಡಿಗಿಂತ ಒಳ್ಳೆಯ ಉದಾಹರಣೆಯಿಲ್ಲ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ, ಕಲಿಕೆಯ ಹಂತಕ್ಕೆ ತಕ್ಕಂತೆ ‘ತಟ್ಟೆ’ ಎಂದು ಕರೆಯಲಾಗುವ ಗುಂಪುಗಳಲ್ಲಿ ಕುಳಿತು, ಕಾರ್ಡುಗಳ ಮೂಲಕ ತಾವೇ ಮುಂದುವರಿಯುತ್ತಾರೆ. ದಿನವೂ ಹತ್ತಾರು ಕೈಗಳಿಗೆ ಸಿಗುವ ಕಾರ್ಡಿನ ಮೂಲೆ ಮೊದಲು ಮಡಚುತ್ತದೆ, ನಂತರ ಪದರ ಬಿಡುತ್ತದೆ, ಕೊನೆಗೆ ಚಿತ್ರವಿರುವ ಭಾಗವೇ ಹರಿದು ಅಕ್ಷರವಷ್ಟೇ ಉಳಿಯುತ್ತದೆ. ಮಕ್ಕಳು ಬರೆದ ಹಾಳೆಗಳನ್ನು ತೂಗುಹಾಕುವ, ತಲೆಯ ಮೇಲೆ ಎಳೆದ ದಾರಗಳ ಕಲಿಕಾ ಚಪ್ಪರವು ಕ್ಲಿಪ್ಪುಗಳಿಲ್ಲದೆ ಬರಿದಾಗಿರುತ್ತದೆ. ಇಂತಹ ಕೊಠಡಿಗೆ ಬೇಕಾದದ್ದು ಲ್ಯಾಮಿನೇಷನ್ ಹಾಳೆ, ಕ್ಲಿಪ್ಪು, ಮಣಿ, ಗೋಂದು, ಬಣ್ಣದ ಕಡ್ಡಿಯಂತಹ ಅಗ್ಗದ ವಸ್ತುಗಳೇ ಹೊರತು ಕಂಪ್ಯೂಟರಲ್ಲ. ಆದ್ದರಿಂದ ಪಟ್ಟಿಯಲ್ಲಿ ಪ್ರತಿ ವಸ್ತುವಿನ ಎದುರು ಸಂಖ್ಯೆ, ಸ್ಥಳೀಯ ಅಂಗಡಿಯ ದರ, ಬಳಸುವ ಮಕ್ಕಳ ಸಂಖ್ಯೆ ಇವನ್ನು ಬರೆಯಬೇಕು. ತುಸು ದೊಡ್ಡ ಖರೀದಿಯಾದರೆ ಮೂರು ಅಂಗಡಿಗಳಿಂದ ದರಪಟ್ಟಿ ಪಡೆದಿಡಬೇಕು.

ಅನುಮತಿ ಮತ್ತು ನಡಾವಳಿ

ಎರಡನೆಯ ಹೆಜ್ಜೆಯನ್ನು ಉತ್ಸಾಹದ ಭರದಲ್ಲಿ ದಾಟಿಹೋಗುವ ಶಿಕ್ಷಕರೇ ಹೆಚ್ಚು, ಮತ್ತು ತೊಂದರೆಗೆ ಸಿಲುಕುವವರೂ ಅವರೇ. 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳಿಗೆ ಒಳಪಟ್ಟಿರುವ ಸರ್ಕಾರಿ ಶಿಕ್ಷಕರು ಪೂರ್ವಾನುಮತಿಯಿಲ್ಲದೆ ಸ್ವಂತ ನೆಲೆಯಲ್ಲಿ ನಿಧಿ ಸಂಗ್ರಹಕ್ಕೆ ಇಳಿಯುವಂತಿಲ್ಲ. ಹಾಗಾಗಿ ಕೋರಿಕೆಯು ಶಿಕ್ಷಕರ ಹೆಸರಿನಲ್ಲಿ ಹೋಗದೆ ಶಾಲೆಯ ಹೆಸರಿನಲ್ಲಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ನಿರ್ಣಯದ ಮೇಲೆ ಹೋಗಬೇಕು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ 2001ರಲ್ಲಿ ರಚನೆಯಾದ ಈ ಸಮಿತಿಯಲ್ಲಿ ಪೋಷಕರದ್ದೇ ಬಹುಮತವಿದ್ದು, 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಇಂತಹ ಸಮಿತಿಗಳಿಗೇ ವಹಿಸಿದೆ. ಸಭೆಯಲ್ಲಿ ಪಟ್ಟಿಯನ್ನು ಓದಿ, ಒಟ್ಟು ಮೊತ್ತ, ಯಾವ ವೇದಿಕೆ, ಕೊನೆಯ ದಿನಾಂಕ, ಉಳಿಕೆಯಾದರೆ ಬಳಕೆ ಹೇಗೆ ಎಂಬ ನಾಲ್ಕು ಅಂಶಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ, ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ, ಅಂದರೆ ಬಿಇಒ ಅವರ ಲಿಖಿತ ಅನುಮತಿ ಪಡೆಯಬೇಕು.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು 2022ರ ಅಕ್ಟೋಬರಿನಲ್ಲಿ ಹೊರಬಿದ್ದ ಸುತ್ತೋಲೆಯು ತೀವ್ರ ವಿರೋಧಕ್ಕೆ ಗುರಿಯಾಗಿ ಕೆಲವೇ ದಿನಗಳಲ್ಲಿ ವಾಪಸಾಯಿತು. ಸ್ವಇಚ್ಛೆಯದೆಂದು ಎಷ್ಟೇ ಹೇಳಿದರೂ, ತರಗತಿಯಲ್ಲಿ ಮಗು ಕುಳಿತಿರುವಾಗ ಅದರ ತಂದೆ ತಾಯಿಗೆ ಇಲ್ಲವೆನ್ನುವುದು ಸುಲಭವಲ್ಲ. ಕೋರಿಕೆಯ ದಿಕ್ಕು ಹಳೆಯ ವಿದ್ಯಾರ್ಥಿಗಳ ಕಡೆಗೆ, ಊರುಬಿಟ್ಟು ಬೆಂಗಳೂರು, ಮೈಸೂರು ಸೇರಿದವರ ಕಡೆಗೆ ಇರಬೇಕೇ ವಿನಾ ಕೂಲಿಯ ಮನೆಗಳ ಕಡೆಗಲ್ಲ.

ವೇದಿಕೆಯ ಆಯ್ಕೆ

ಮೂರು ದಾರಿಗಳಿವೆ. ಮೊದಲನೆಯದು 2021ರ ಸೆಪ್ಟೆಂಬರ್ 7ರಂದು ಹೊಸ ರೂಪದಲ್ಲಿ ಚಾಲನೆ ಪಡೆದ ವಿದ್ಯಾಂಜಲಿ. ಪ್ರತಿ ಶಾಲೆಗೂ ಯುಡೈಸ್ ಸಂಖ್ಯೆ ಎಂಬ 11 ಅಂಕಿಗಳ ಗುರುತು ಇದ್ದು, ಕರ್ನಾಟಕದ ಶಾಲೆಗಳದ್ದು 29ರಿಂದ ಆರಂಭವಾಗುತ್ತದೆ. ಮುಖ್ಯಶಿಕ್ಷಕರು ಈ ಸಂಖ್ಯೆಯ ಮೂಲಕ ಶಾಲೆಯನ್ನು ನೋಂದಾಯಿಸಿ, ಬೇಕಾದ ವಸ್ತು, ಪ್ರಮಾಣ ಮತ್ತು ಅವಧಿಯನ್ನು ನಮೂದಿಸಿದರೆ ಆಸಕ್ತ ದಾನಿಗಳು ತಾಣದಲ್ಲೇ ಒಪ್ಪಿಗೆ ಸೂಚಿಸುತ್ತಾರೆ, ಶಾಲೆಯು ಅವರಲ್ಲೊಬ್ಬರನ್ನು ಆರಿಸಿ ವಸ್ತು ತಲುಪಿದ ಬಳಿಕ ಸ್ವೀಕೃತಿ ದಾಖಲಿಸುತ್ತದೆ. ಎರಡನೆಯದು ರಾಜ್ಯದ ಶಾಲಾ ಶಿಕ್ಷಣ ಇಲಾಖೆ 2022ರಲ್ಲಿ ಬಳಕೆಗೆ ತಂದ ‘ನಮ್ಮ ಶಾಲೆ ನನ್ನ ಕೊಡುಗೆ’ ಎಂಬ ಆ್ಯಪ್. ಆಯಾ ವರ್ಷದ ಸೂಚನೆಗಳನ್ನು ಬಿಇಒ ಕಚೇರಿಯಲ್ಲಿ ವಿಚಾರಿಸಿಕೊಂಡು ಇದನ್ನು ಬಳಸುವುದು ಲೇಸು.

ಮೂರನೆಯದು ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಮಿಲಾಪ್, ಮುಂಬೈನಲ್ಲಿ 2012ರಲ್ಲಿ ಆರಂಭವಾದ ಕೆಟ್ಟೊ ಮುಂತಾದ ಖಾಸಗಿ ವೇದಿಕೆಗಳು. ಇವು ಹಣವನ್ನೇ ಸಂಗ್ರಹಿಸುವುದರಿಂದ ಪಡೆಯುವವರ ಪ್ಯಾನ್, ಬ್ಯಾಂಕ್ ಖಾತೆಯ ದಾಖಲೆಗಳನ್ನು ಕೇಳುತ್ತವೆ. ಪಾವತಿ ಶುಲ್ಕ ಎಷ್ಟು, ದಾನಿಗಳ ಪುಟದಲ್ಲಿ ವೇದಿಕೆಗೆಂದು ಟಿಪ್ಸ್ ಮೊದಲೇ ಸೇರಿಕೊಂಡಿರುತ್ತದೆಯೇ ಎಂಬುದನ್ನು ಓದಿ ನೋಡಿ ದಾನಿಗಳಿಗೂ ತಿಳಿಸಬೇಕು. ಅನುಕೂಲವೆಂದು ಶಿಕ್ಷಕರು ಸ್ವಂತ ಖಾತೆಯನ್ನು ಕೊಡುವುದು ದೊಡ್ಡ ತಪ್ಪು: ಬಂಧುಗಳಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಬಂದ ಹಣವನ್ನು ಆದಾಯ ತೆರಿಗೆಯ ಕಾನೂನು ಪಡೆದವರ ಆದಾಯವೆಂದೇ ಎಣಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ಶಿಕ್ಷಕರ ಸ್ವಂತ ಮೊಬೈಲಿನ ಕ್ಯೂಆರ್ ಕೋಡ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡತೊಡಗಿದರೆ ಪ್ರಾಮಾಣಿಕರ ಮೇಲೂ ಅನುಮಾನದ ನೆರಳು ಬೀಳುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಮುಖ್ಯಶಿಕ್ಷಕರ ಜಂಟಿ ಖಾತೆ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಹಳೆಯ ವಿದ್ಯಾರ್ಥಿಗಳ ಸಂಘದ ಖಾತೆ, ಇವೆರಡೇ ಯೋಗ್ಯ ಮಾರ್ಗಗಳು.

ಕೋರಿಕೆಯ ಬರಹ

‘ಬಡ ಮಕ್ಕಳಿಗೆ ಸಹಾಯ ಮಾಡಿ’ ಎಂಬ ಬರಹ ಯಾರನ್ನೂ ತಟ್ಟುವುದಿಲ್ಲ, ಮಕ್ಕಳಿಗೂ ಅದು ಗೌರವದ ಮಾತಲ್ಲ. ಅದರ ಬದಲು, ಉದಾಹರಣೆಗೆ, ‘24 ಮಕ್ಕಳ ನಲಿಕಲಿ ಕೊಠಡಿಯ 300 ಕಾರ್ಡುಗಳಿಗೆ ಲ್ಯಾಮಿನೇಷನ್ ಹಾಕಿಸಬೇಕಾಗಿದೆ, ಜೂನ್ ಎರಡನೆಯ ವಾರದೊಳಗೆ ಆದರೆ ಸೇತುಬಂಧದ ದಿನಗಳಿಗೆ ಒದಗುತ್ತವೆ’ ಎಂದು ಬರೆದರೆ ಓದುಗರಿಗೆ ಕೊಠಡಿ ಕಣ್ಣಿಗೆ ಕಟ್ಟುತ್ತದೆ, ತಾವು ಕೊಡುವ ಪಾಲಿನಿಂದ ಎಷ್ಟು ಕಾರ್ಡು ಉಳಿಯುತ್ತವೆಂಬ ಲೆಕ್ಕವೂ ಸಿಗುತ್ತದೆ. ಚಿತ್ರವಾಗಿ ಹರಿದ ಕಾರ್ಡು, ಖಾಲಿ ಕಪಾಟು ಸಾಕು. ಮಕ್ಕಳ ಮುಖ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದ್ದು, ಕಾನೂನಿನ ಮಾತು ಹಾಗಿರಲಿ, ಊರಿನಲ್ಲಿ ನಾಳೆ ದೊಡ್ಡವರಾಗಿ ಓಡಾಡಬೇಕಾದ ಮಕ್ಕಳನ್ನು ನೆರವು ಬೇಡುವ ಚಿತ್ರವಾಗಿಸುವುದು ಸರ್ವಥಾ ಸಲ್ಲದು.

ಕಾಲದ ಆಯ್ಕೆಗೂ ಬೆಲೆಯಿದೆ. ಯುಗಾದಿ, ಊರಹಬ್ಬ, ಮೇಲುಕೋಟೆಯ ವೈರಮುಡಿಯ ದಿನಗಳಲ್ಲಿ ಹೊರಗಿದ್ದವರು ಊರಿಗೆ ಬಂದು ಶಾಲೆಯ ಮುಂದೆಯೇ ಹಾದುಹೋಗುತ್ತಾರೆ. ಆಗ ಶಾಲೆಯ ಬಾಗಿಲು ತೆರೆದು ಕೊಠಡಿ ತೋರಿಸಿ, ಏಪ್ರಿಲ್ ಮೇ ತಿಂಗಳಲ್ಲಿ ಕೋರಿಕೆಯ ಕೊಂಡಿಯನ್ನು ಕಳುಹಿಸಿದರೆ ಶಾಲೆ ಆರಂಭವಾಗುವ ಹೊತ್ತಿಗೆ ಸಾಮಗ್ರಿ ಕೈಸೇರುತ್ತದೆ.

ವಿದೇಶದ ನೆರವು, ತೆರಿಗೆಯ ಪ್ರಶ್ನೆ

ಹೊರದೇಶದ ಕನ್ನಡಿಗರು ನೆರವಿಗೆ ಮುಂದಾದಾಗ ಅವರ ಪೌರತ್ವವನ್ನು ಸಂಕೋಚವಿಲ್ಲದೆ ಕೇಳಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಹೊಂದಿದ್ದರೂ, ಕೊಟ್ಟ ಹಣ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಒಳಪಡುತ್ತದೆ, ಆ ಕಾಯ್ದೆಯಡಿ ನೋಂದಣಿಯಿಲ್ಲದ ಸಂಘ ಅದನ್ನು ಪಡೆಯುವಂತಿಲ್ಲ. ಅಂಥವರನ್ನು ನೋಂದಾಯಿತ ಸಂಸ್ಥೆಯೊಂದರ ಮೂಲಕ ಕೊಡುವಂತೆ ಕೋರಬೇಕು. ಇನ್ನು 80ಜಿ ಎಂದೇ ಪರಿಚಿತವಾದ ತೆರಿಗೆ ವಿನಾಯಿತಿಯು ಅನುಮೋದಿತ ಸಂಸ್ಥೆಗೆ ಕೊಟ್ಟಾಗ ಮಾತ್ರ ಸಿಗುತ್ತದೆ, 2,000 ರೂಪಾಯಿ ಮೀರಿದ ನಗದಿಗೆ ಅದೂ ಇಲ್ಲ. ಶಾಲೆಯ ರಸೀದಿಯಿಂದ ವಿನಾಯಿತಿ ದೊರೆಯುತ್ತದೆಂದು ಯಾರಿಗೂ ಭರವಸೆ ಕೊಡಬಾರದು.

ಬಂದದ್ದರ ಲೆಕ್ಕ

ಕಿತ್ತಳೆ ಮಾರಿ ಉಳಿಸಿದ ದುಡ್ಡಿನಿಂದ ಹರೇಕಳದ ನ್ಯೂಪಡ್ಪುವಿನ ಶಾಲೆಗಾಗಿ ದುಡಿದು 2020ರ ಪದ್ಮಶ್ರೀಗೆ ಪಾತ್ರರಾದ ಹರೇಕಳ ಹಾಜಬ್ಬ ಅವರೊಂದಿಗೆ ಜನ ಮತ್ತೆ ಮತ್ತೆ ಕೈಜೋಡಿಸಿದ್ದು, ಬಂದ ಹಣ ಶಾಲೆಗೇ ಹೋಗುವುದನ್ನು ಕಣ್ಣಾರೆ ಕಂಡಿದ್ದರಿಂದ. ಅಷ್ಟೇ ಸ್ಪಷ್ಟವಾಗಿ ಶಾಲೆಯೂ ತೋರಿಸಬೇಕು. ಬಂದ ಹಣ ನಗದು ಪುಸ್ತಕದಲ್ಲಿ, ಕೊಂಡ ವಸ್ತು ದಾಸ್ತಾನು ವಹಿಯಲ್ಲಿ ಅಂದೇ ದಾಖಲಾಗಬೇಕು. ದಾಸ್ತಾನು ವಹಿಯ ಸಾಲಿನಲ್ಲಿ ದಿನಾಂಕ, ಬಿಲ್ ಸಂಖ್ಯೆ, ವಸ್ತು, ಪ್ರಮಾಣದ ಜೊತೆಗೆ ದಾನಿಯ ಹೆಸರು ಮತ್ತು ಊರು ಇರಲಿ. ಮುಯ್ಯಿಯಂತೆ ಇದನ್ನು ಹಣವಾಗಿ ತೀರಿಸಲು ಶಾಲೆಗೆ ಸಾಧ್ಯವಿಲ್ಲವಾದ್ದರಿಂದ, ವಸ್ತು ಬಳಕೆಯಾಗುತ್ತಿರುವ ಒಂದು ಚಿತ್ರ, ಬಿಲ್ಲಿನ ಪ್ರತಿ ಮತ್ತು ಮಕ್ಕಳು ಕೈಯಾರೆ ಬರೆದ ಒಂದು ಹಾಳೆ ಪ್ರತಿ ದಾನಿಗೂ ತಿಂಗಳೊಳಗೆ ತಲುಪಬೇಕು. ಆಗಸ್ಟ್ 15ರಂದು ಊರಿನವರು ಶಾಲೆಯ ಅಂಗಳದಲ್ಲಿ ಸೇರಿದಾಗ ಪೂರ್ಣ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಿ, ಸೂಚನಾ ಫಲಕಕ್ಕೆ ಅಂಟಿಸಬಹುದು. ಹೆಸರು ಹೇಳುವುದು ಬೇಡವೆಂದವರ ಸಾಲಿನಲ್ಲಿ ‘ಊರಿನ ಹಿತೈಷಿ’ ಎಂದಷ್ಟೇ ಇರಲಿ.

ಶಿಕ್ಷಕರಿಗೆ ವರ್ಗಾವಣೆ ತಪ್ಪದು. ಪ್ರಭಾರ ಹಸ್ತಾಂತರಿಸುವಾಗ ಬೀರುವಿನ ಕೀಲಿ, ವಹಿಗಳ ಜೊತೆಗೆ ವಿದ್ಯಾಂಜಲಿಯ ಲಾಗಿನ್, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆಯ ಬದಲಾವಣೆ, ದಾನಿಗಳ ವಿಳಾಸಗಳ ಪಟ್ಟಿ, ಇನ್ನೂ ಪೂರೈಕೆಯಾಗದ ಕೋರಿಕೆಗಳ ವಿವರ ಇವನ್ನೂ ಬರೆದುಕೊಟ್ಟು ಸಹಿ ಪಡೆಯಬೇಕು.