ನಮ್ಮ ಸೀಮೆಯ ತಿಂಡಿ-ತಿನಿಸುಗಳು



ಕೆಲವು ಕಾಲದ ಹಿಂದೆ ದೂರದ ಊರಿನಿಂದ ಬಂದ ಅತಿಥಿಯೊಬ್ಬರು ನನ್ನ ತರಗತಿಯ ಮಕ್ಕಳನ್ನು ಒಂದು ಪ್ರಶ್ನೆ ಕೇಳಿದರು. “ನಾನು ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ನಿಮ್ಮ ತಾಳವಾಡಿಗೆ ಬಂದಿದ್ದೇನೆ. ಇಲ್ಲಿ ನಾನು ತಿಂದು ಹೋಗಲೇಬೇಕಾದ ತಿಂಡಿ ಯಾವುದು?” ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಇಬ್ಬರು ಅಂಗಡಿಯ ಪೊಟ್ಟಣಗಳ ಹೆಸರು ಹೇಳಿದರು. ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಇಲ್ಲಿ ಅಂಥದು ಏನೂ ಇಲ್ಲ” ಎಂದನು. ಆ ಉತ್ತರ ಸರಿಯಲ್ಲವೆಂಬುದನ್ನು ತೋರಿಸುವುದೇ ಈ ಪಾಠದ ಉದ್ದೇಶ.

ಮೊದಲು ನಮ್ಮ ಸೀಮೆಗೆ ಬಹು ದೂರದ ಒಂದು ನಗರವನ್ನು ನೋಡಿ ಬರೋಣ. ಚೀನಾ ದೇಶದ ಸಿಚುವಾನ್ ಪ್ರಾಂತದಲ್ಲಿ ಚೆಂಗ್ಡು ಎಂಬ ದೊಡ್ಡ ನಗರವಿದೆ. ಯುನೆಸ್ಕೊ ಸಂಸ್ಥೆಯು 2010ರಲ್ಲಿ ಇದನ್ನು ಪಾಕಕಲೆಯ ನಗರವೆಂದು ಮನ್ನಿಸಿತು. ಏಷ್ಯಾ ಖಂಡದಲ್ಲಿ ಆ ಗೌರವ ಪಡೆದ ಮೊದಲನೆಯ ನಗರ ಅದೇ. ಅಲ್ಲಿಗೆ ಹೋದವರು ಅರಮನೆಯ ಭೋಜನವನ್ನು ಹುಡುಕುವುದಿಲ್ಲ. ಬೀದಿಯ ಬದಿಯ ಸಣ್ಣ ತಿನಿಸುಗಳನ್ನೇ ಅರಸುತ್ತಾರೆ. ಚೀನೀ ಭಾಷೆಯಲ್ಲಿ ಅವುಗಳಿಗಿರುವ ಹೆಸರಿನ ಅರ್ಥವೂ ‘ಸಣ್ಣ ತಿನಿಸು’ ಎಂದೇ. ಅವುಗಳಲ್ಲಿ ‘ದಾನ್‌ದಾನ್’ ಶಾವಿಗೆ ಒಂದು. ‘ದಾನ್’ ಎಂದರೆ ಹೆಗಲ ಮೇಲೆ ಹೊರುವ ಅಡ್ಡೆ. ಹಿಂದೆ ಅಡ್ಡೆಯಲ್ಲಿ ಹೊತ್ತು ಮಾರುತ್ತಿದ್ದುದರಿಂದ ಆ ಹೆಸರು ಬಂದಿತು. ‘ತಾಂಗ್‌ಯುವಾನ್’ ಎಂಬುದು ಇನ್ನೊಂದು. ಅಂಟು ಅಕ್ಕಿಯ ಹಿಟ್ಟಿನೊಳಗೆ ಕರಿ ಎಳ್ಳು, ಸಕ್ಕರೆಗಳ ಹೂರಣವಿಟ್ಟು ಬೇಯಿಸಿದ ಉಂಡೆ. ಅಲ್ಲಿ ಲಾಯ್ ಎಂಬ ವ್ಯಾಪಾರಿ 1894ರಲ್ಲಿ ಈ ಉಂಡೆಯನ್ನು ಮಾರಲು ತೊಡಗಿದನು. ಇಂದಿಗೂ ಅದು ಅವನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ.

ಅಕ್ಕಿ, ಎಳ್ಳು, ಸಿಹಿ, ಇಷ್ಟೇ ತಾನೆ? ಇವೆಲ್ಲ ನಮ್ಮಲ್ಲಿಯೂ ಉಂಟು. ಆ ಊರಿನವರು ತಮ್ಮ ಹೊಲದ ಬೆಳೆಯನ್ನು, ತಮ್ಮ ಬೀದಿಯ ಕೈಗಳನ್ನು ಹೆಸರು ಹಿಡಿದು ಗೌರವಿಸಿದರು. ಆದುದರಿಂದ ಲೋಕವೂ ಗೌರವಿಸಿತು.

ಈಗ ನಮ್ಮ ಸೀಮೆಗೆ ಮರಳೋಣ. ತಾಳವಾಡಿಯು ಆಡಳಿತದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನೆರೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಹೋಯಿತು; ನಮ್ಮ ಸೀಮೆ ಇಲ್ಲಿಯೇ ಉಳಿಯಿತು. ಆದರೆ ನೆಲವನ್ನು ನೋಡಿದರೆ ನಾವು ಘಾಟಿಯ ಮೇಲಿನವರು. ಚಾಮರಾಜನಗರದ ಕಡೆಯ ಪ್ರಸ್ಥಭೂಮಿಯವರು. ಮಳೆಯನ್ನು ನಂಬಿದ ಹೊಲಗಳಲ್ಲಿ ರಾಗಿ, ಜೋಳ, ಹುರಳಿ, ಅವರೆ, ಎಳ್ಳು, ಹುಚ್ಚೆಳ್ಳುಗಳೂ, ಹೊಲದ ಬದುವಿನಲ್ಲಿ ಹುಣಿಸೆಯ ಮರವೂ ನಮ್ಮ ಹಿರಿಯರ ಆಸ್ತಿ. ನೆಲ ಏನನ್ನು ಕೊಟ್ಟಿತೋ ಅದರಿಂದಲೇ ತಿಂಡಿಯಾಯಿತು. ಯಾವ ತಿಂಗಳಲ್ಲಿ ಬೆಳೆ ಬಂದಿತೋ ಆ ತಿಂಗಳ ಹಬ್ಬಕ್ಕೆ ಅದು ಸೇರಿತು. ತಿಂಡಿಯೆಂಬುದು ನಾಲಗೆಯ ಚಪಲ ಮಾತ್ರವಲ್ಲ. ಅದು ಹೊಲದ ಪಂಚಾಂಗವೂ ಹೌದು.

ರಾಗಿಯ ಹುರಿಹಿಟ್ಟನ್ನು ಮೊದಲು ತೆಗೆದುಕೊಳ್ಳೋಣ. ಆರಿಸಿ ತೊಳೆದ ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಕೆಲವು ಗಂಟೆಗಳ ಕಾಲ ಇಡುತ್ತಾರೆ. ತರುವಾಯ ನೆರಳಿನಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಹುರಿಯುತ್ತಾರೆ. ಕಾಳುಗಳು ಚಟಚಟನೆ ಸಿಡಿದು ಬಿಳಿಯ ಅರಳಾಗುತ್ತವೆ. ಅರಳನ್ನು ಬೀಸಿ ಜರಡಿ ಹಿಡಿದರೆ ಹುರಿಹಿಟ್ಟು ಸಿದ್ಧ. ಬೆಲ್ಲ, ಕಾಯಿತುರಿಗಳೊಡನೆ ಹಾಲಿನಲ್ಲಿ ಕಲಸಿ ತಿನ್ನಬಹುದು. ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ಕದಡಿ ಕುಡಿಯಲೂಬಹುದು.

ಕಾಳು ಅರಳುವುದೇತಕ್ಕೆ? ಒಳಗಿನ ತೇವವು ಬಿಸಿಗೆ ಆವಿಯಾಗಿ ಹಿಗ್ಗುತ್ತದೆ. ಗಟ್ಟಿಯಾದ ಹೊರಪದರವು ಅದನ್ನು ಕ್ಷಣಕಾಲ ತಡೆಯುತ್ತದೆ. ಒತ್ತಡ ಹೆಚ್ಚಾದಾಗ ಪದರವು ಸಿಡಿದು ಒಳಗಿನ ಪಿಷ್ಟವು ಅರಳಿ ಹೊರಬರುತ್ತದೆ. ತೇವ ಕಡಿಮೆಯಾದರೆ ಕಾಳು ಸೀದು ಹೋಗುವುದು; ಹೆಚ್ಚಾದರೆ ಬೆಂದು ಮುದುಡುವುದು. ಅದರ ಹದವನ್ನು ನಮ್ಮ ಅಜ್ಜಿಯರು ಬೆರಳ ತುದಿಯಿಂದ ತಿಳಿಯುತ್ತಿದ್ದರು. ಹುರಿಯುವಾಗಲೇ ಪಿಷ್ಟವು ಬೆಂದಿರುವುದರಿಂದ ಈ ಹಿಟ್ಟನ್ನು ತಿನ್ನಲು ಮತ್ತೆ ಒಲೆ ಹಚ್ಚಬೇಕಾಗಿಲ್ಲ. ದನ ಮೇಯಿಸಲು ಹೋಗುವವನಿಗೂ, ದೂರ ಪ್ರಯಾಣ ಮಾಡುವವನಿಗೂ ಇದಕ್ಕಿಂತ ಅನುಕೂಲವಾದ ಬುತ್ತಿ ಯಾವುದು? ಟಿಬೆಟ್ಟಿನವರು ಬಾರ್ಲಿಯನ್ನು ಹುರಿದು ಬೀಸಿ ‘ತ್ಸಂಪಾ’ ಎನ್ನುತ್ತಾರೆ. ಬಿಹಾರದವರು ಕಡಲೆಯನ್ನು ಹುರಿದು ಬೀಸಿ ‘ಸತ್ತು’ ಎನ್ನುತ್ತಾರೆ. ಧಾನ್ಯ ಬೇರೆ, ಜಾಣತನ ಒಂದೇ.

ರಾಗಿ ಬಡವರ ಧಾನ್ಯವೆಂದು ಹೀಗಳೆಯುವವರು ಹಿಂದೆಯೂ ಇದ್ದರು. 16ನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಈ ವ್ಯಾಜ್ಯವನ್ನೇ ಕಥೆಯಾಗಿಸಿದ್ದಾರೆ. ಅಕ್ಕಿಯೂ ರಾಗಿಯೂ ತಮ್ಮಲ್ಲಿ ಯಾರು ಮೇಲೆಂದು ಜಗಳವಾಡಿದಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನು. ಹೊರತೆಗೆದಾಗ ಅಕ್ಕಿ ಸೊರಗಿತ್ತು. ರಾಗಿ ಹಾಗೆಯೇ ಇತ್ತು. ಒಕ್ಕಲಿಗರಿಗೆ ಈ ಕಥೆಯ ತಿರುಳು ಅನುಭವದಿಂದ ಗೊತ್ತು. ಒಣಗಿಸಿ ಇಟ್ಟ ರಾಗಿಯು ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. ಇಂದಿನ ಆಹಾರಶಾಸ್ತ್ರವೂ ರಾಗಿಯ ಪಕ್ಷವನ್ನೇ ಹಿಡಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂ ಆಸುಪಾಸು ಮಾತ್ರ. ಬೆಳೆಯುವ ಮೂಳೆಗೆ ಇದು ಬೇಕು. ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ್ದೂ ನಿಮಗೆ ನೆನಪಿರಬಹುದು.

ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು; ಸಹಸ್ರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದಿತು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿಯು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಹೊಸ ತಳಿಗಳನ್ನು ಸೃಷ್ಟಿಸಿದರು. ಇಂಡಿಯಾ, ಆಫ್ರಿಕ ಎಂಬ ಎರಡು ಹೆಸರುಗಳನ್ನು ಸೇರಿಸಿ ಅವಕ್ಕೆ ‘ಇಂಡಾಫ್’ ಎಂಬ ಹೆಸರಾಯಿತು. ನಮ್ಮದೆಂದು ನಾವು ಹೇಳುವ ವಸ್ತುವು ಬಹು ದೂರದಿಂದ ಬಂದು ನಮ್ಮದಾಗಿರಬಹುದು. ಎಳ್ಳು-ಬೆಲ್ಲದಲ್ಲಿ ಬೆರೆಯುವ ನೆಲಗಡಲೆಯೂ, ಕೆಂಡದಲ್ಲಿ ಸುಟ್ಟು ತಿನ್ನುವ ಮುಸುಕಿನ ಜೋಳವೂ ಅಮೆರಿಕ ಖಂಡದಿಂದ ಬಂದವು. ಪ್ರೀತಿಯಿಂದ ಸಾಕಿದವರ ಮನೆಯೇ ಬೆಳೆಗೂ ಮನೆ.

ಇನ್ನು ವರ್ಷದ ಹಬ್ಬಗಳನ್ನು ನೋಡಿರಿ. ಮಾಗಿಯ ಚಳಿಯಲ್ಲಿ ಅವರೆಯ ಕಾಯಿ ಸೊನೆಗಟ್ಟಿದಾಗ ಕಾಳನ್ನು ನೆನೆಸಿ ಸಿಪ್ಪೆ ಹಿದುಕಿ ಹಿದುಕಬೇಳೆ ಮಾಡುತ್ತಾರೆ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ನೆಲಗಡಲೆಗಳನ್ನು ಬೆರೆಸಿ ಮನೆಮನೆಗೆ ಬೀರುತ್ತಾರೆ. ಎಳ್ಳು-ಬೆಲ್ಲಗಳನ್ನು ಒರಳಿನಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ತಾನೇ ಉಂಡೆಯಾಗುವ ಚಿಗಳಿ ದೊರೆಯುತ್ತದೆ. ಚೆಂಗ್ಡುವಿನ ಉಂಡೆಯ ಹೂರಣಕ್ಕೂ ಇದಕ್ಕೂ ಎಷ್ಟು ಸಮೀಪ! ಊರ ಮಾರಮ್ಮನ ಹಬ್ಬಕ್ಕೆ ಅಕ್ಕಿಹಿಟ್ಟು, ಬೆಲ್ಲಗಳ ತಂಬಿಟ್ಟಿನಲ್ಲಿ ದೀಪವಿಟ್ಟು ಹೆಂಗಸರು ಆರತಿ ಒಯ್ಯುತ್ತಾರೆ. ದೇವತೆಗೆ ಬೆಳಕಾದದ್ದೇ ಆಮೇಲೆ ಮಕ್ಕಳಿಗೆ ಸಿಹಿ. ಬೇಸಗೆಯಲ್ಲಿ ಹೊಸ ಹುಣಿಸೆಹಣ್ಣಿಗೆ ಬೆಲ್ಲ, ಉಪ್ಪು, ಮೆಣಸಿನಕಾಯಿ, ಜೀರಿಗೆ ಸೇರಿಸಿ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಚೀಪುವುದು ಮಕ್ಕಳೇ ಮಾಡಿಕೊಳ್ಳುವ ತಿಂಡಿ. ಹುರಳಿಯ ಗುಗ್ಗರಿಯಂತೂ ಎಲ್ಲ ಕಾಲಕ್ಕೂ ಸಲ್ಲುವುದು.

ದೀಪಾವಳಿಗೆ ಕಜ್ಜಾಯ. ನೆನೆಸಿದ ಅಕ್ಕಿಯನ್ನು ತೇವವಿರುವಾಗಲೇ ಕುಟ್ಟಿ, ಬೆಲ್ಲದ ಪಾಕಕ್ಕೆ ಬೆರೆಸಿ, ಒಂದೆರಡು ದಿನ ಹದಗೊಳ್ಳಲು ಬಿಟ್ಟು, ಎಲೆಯ ಮೇಲೆ ತಟ್ಟಿ ಸಣ್ಣ ಉರಿಯಲ್ಲಿ ಕರಿಯಬೇಕು. ಘಾಟಿಯ ಕೆಳಗಿನ ಕೊಂಗು ನಾಡಿನ ತಮಿಳರೂ ಅಕ್ಕಿ-ಬೆಲ್ಲಗಳ ಇಂಥದೇ ತಿಂಡಿಯನ್ನು ‘ಕಚ್ಚಾಯಂ’ ಎನ್ನುತ್ತಾರೆ. ಉಳಿದೆಡೆಯ ತಮಿಳರು ‘ಅದಿರಸಂ’ ಎನ್ನುತ್ತಾರೆ. ತೆಲುಗರಿಗೆ ಅದು ‘ಅರಿಸೆಲು’. ನಮ್ಮ ಒತ್ತು ಶಾವಿಗೆಯು ಅವರಲ್ಲಿ ‘ಸಂದಗೈ’ ಆಗಿದೆ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದು ಒಳ್ಳೆಯ ಪಾಠ. ಆಡಳಿತದ ಗಡಿ ಕಾಗದದ ಮೇಲಿದೆ. ಬಾಣಲೆಯಲ್ಲಿ ಅದು ಕಾಣಿಸುವುದಿಲ್ಲ.

ನಮ್ಮ ಬೆಟ್ಟಗಳ ಸೋಲಿಗರನ್ನೂ ಊರಾಳಿಗಳನ್ನೂ ಮರೆಯಲಾಗದು. ಕಾಡಿನ ಗೆಣಸನ್ನು ಅಗೆದು ಸುಟ್ಟು ತಿನ್ನುವುದು, ನೆಲ್ಲಿಯ ಕಾಲವನ್ನು ಅರಿಯುವುದು, ಹೆಜ್ಜೇನು, ತುಡುವೆ, ಕಡ್ಡಿಜೇನುಗಳ ತುಪ್ಪದ ರುಚಿಯನ್ನು ಬೇರೆ ಬೇರೆಯಾಗಿ ಗುರುತಿಸುವುದು, ಇವೆಲ್ಲ ಅವರ ವಿದ್ಯೆ. ಅವರ ಮಕ್ಕಳು ನಿಮ್ಮ ಪಕ್ಕದಲ್ಲಿ ಕುಳಿತಿದ್ದರೆ ಈ ವಿಷಯದಲ್ಲಿ ಅವರೇ ನಿಮಗೆ ಉಪಾಧ್ಯಾಯರು.

ಇಷ್ಟನ್ನು ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಾಲ್ಯದಲ್ಲಿ ಘಾಟಿಯ ಕೆಳಗಿನ ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ನಾನು ಓದುತ್ತಿದ್ದೆನು. ಹೊರಡುವಾಗ ಅಜ್ಜಿಯು ಒಂದು ಡಬ್ಬಿಯ ತುಂಬ ಹುರಿಹಿಟ್ಟು ಕೊಟ್ಟಳು. ಅದರ ಬಣ್ಣವನ್ನು ನೋಡಿ ಜತೆಯ ಹುಡುಗರು, “ಮಣ್ಣು ತಿನ್ನುತ್ತೀಯಾ?” ಎಂದು ನಕ್ಕರು. ಆ ರಾತ್ರಿಯೇ ನಾನು ಡಬ್ಬಿಯನ್ನು ಬೇಲಿಯ ಆಚೆಗೆ ಸುರಿದುಬಿಟ್ಟೆನು. ರಜೆಗೆ ಹೋದಾಗ ಅಜ್ಜಿ ಕೇಳಿದಳು. “ಎಲ್ಲರೂ ಹಂಚಿಕೊಂಡು ತಿಂದೆವು, ಬಹಳ ಚೆನ್ನಾಗಿತ್ತು” ಎಂದೆನು. ಮುಂದಿನ ಸಲ ಅವಳು ಎರಡು ಡಬ್ಬಿ ಕಟ್ಟಿಕೊಟ್ಟಳು.

ಅವಳು ತೀರಿಹೋಗಿ ಬಹಳ ವರ್ಷಗಳಾದುವು. ಈಚೆಗೆ ನನ್ನ ಮಗಳು ಹುರಿಹಿಟ್ಟು ಬೇಕೆಂದಾಗ ನಾನೇ ಮಾಡಹೊರಟೆನು. ಮೊದಲ ಸಲ ರಾಗಿ ಸೀದಿತು. ಎರಡನೆಯ ಸಲ ಅರಳಲೇ ಇಲ್ಲ. ಎಷ್ಟು ನೀರು, ಎಷ್ಟು ಹೊತ್ತು ಎಂದು ಕೇಳೋಣವೆಂದರೆ ಹೇಳುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಕೊನೆಗೆ ಬೀದಿಯ ಕೊನೆಯ ಮನೆಯ ವೃದ್ಧೆಯೊಬ್ಬರು ನನ್ನ ಕೈಯನ್ನು ತೇವದ ರಾಗಿಯೊಳಗೆ ಇಡಿಸಿ, “ಹೀಗೆ ಅಂಟಬೇಕು, ಮೆತ್ತಬಾರದು” ಎಂದು ತೋರಿಸಿದರು. ಪುಸ್ತಕದಲ್ಲಿ ಓದಿದ್ದ ನೂರಕ್ಕೆ ಇಷ್ಟು ತೇವವೆಂಬ ಲೆಕ್ಕವು ಆಗ ನನ್ನ ಬೆರಳಿಗೆ ಬಂದಿತು.

ಪೋಷಕರಲ್ಲಿ ಒಂದು ಮಾತು. ಹಿಂದಿನ ಕಾಲವೆಲ್ಲ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಬೆಳಗಿನ ಜಾವದಲ್ಲೆದ್ದು ಬೀಸಿ, ಕುಟ್ಟಿ ಸೋತ ಹೆಂಗಸರ ತೋಳಿನ ನೋವು ಆ ತಿಂಡಿಗಳಲ್ಲಿತ್ತು. ಆ ನೋವು ಮತ್ತೆ ಬರಬೇಕಾಗಿಲ್ಲ. ಹಿಟ್ಟಿನ ಗಿರಣಿಯಿದೆ, ಮಿಕ್ಸಿಯಿದೆ. ಅವುಗಳ ಜತೆಗೆ ಗಂಡಸರ ಕೈಯೂ, ಗಂಡುಮಕ್ಕಳ ಕೈಯೂ ಸೇರಲಿ. ಅಂಗಡಿಯ ಪೊಟ್ಟಣವನ್ನು ಎಂದಿಗೂ ಮುಟ್ಟಬಾರದೆಂದೂ ಅಲ್ಲ. ಆದರೆ ಉಪ್ಪು, ಎಣ್ಣೆಗಳೇ ಹೆಚ್ಚಾಗಿರುವ ಅದು ದಿನನಿತ್ಯದ ತಿಂಡಿಯಾಗಿ, ಮನೆಯ ಹುರಿಹಿಟ್ಟು ನಾಚಿಕೆಯ ವಸ್ತುವಾದರೆ ನಷ್ಟವು ಮೈಗೆ ಮಾತ್ರವಲ್ಲ, ನುಡಿಗೂ ಉಂಟು. ಚಿಗಳಿ, ಗುಗ್ಗರಿ, ತಂಬಿಟ್ಟು, ಹದ, ಪಾಕ, ಒರಳು ಎಂಬ ಮಾತುಗಳು ಅಡುಗೆಮನೆಯಲ್ಲಿ ನಿಂತುಹೋದರೆ ಶಾಲೆಯ ಪುಸ್ತಕವೊಂದೇ ಅವುಗಳನ್ನು ಬದುಕಿಸಲಾರದು. ಕನ್ನಡದ ಶಾಲೆಗೆ ಕನ್ನಡದ ಒಲೆಯ ಆಸರೆ ಬೇಕು.

ಅಭ್ಯಾಸ

1. ನಿಮ್ಮ ಮನೆಯ ಅಥವಾ ಬೀದಿಯ ಹಿರಿಯರೊಬ್ಬರ ಬಳಿ ಕುಳಿತು, ಒಂದು ತಿಂಡಿಯನ್ನು ಮಾಡುವ ಕ್ರಮವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಅಳತೆಯನ್ನು ಹಿಡಿ, ಪಾವು, ಸೇರುಗಳಲ್ಲಿ ಹೇಳಿದರೆ ಹಾಗೆಯೇ ಬರೆಯಿರಿ.

2. ಆ ತಿಂಡಿಗೆ ಬೇಕಾದ ವಸ್ತುಗಳಲ್ಲಿ ನಿಮ್ಮ ಊರಿನ ಹೊಲದಲ್ಲಿ ಬೆಳೆಯುವುವು ಯಾವುವು? ಹೊರಗಿನಿಂದ ಬರುವುವು ಯಾವುವು?

3. ಅದಕ್ಕೆ ತಮಿಳಿನಲ್ಲಿ ಏನೆನ್ನುತ್ತಾರೆಂದು ನೆರೆಯವರನ್ನು ಕೇಳಿ ತಿಳಿಯಿರಿ.

4. ದೊಡ್ಡವರೊಬ್ಬರ ಜತೆಯಲ್ಲಿ ಅದನ್ನು ಒಂದು ಸಲ ನೀವೇ ಮಾಡಿ, ಡಬ್ಬಿಯಲ್ಲಿ ತಂದು ಗೆಳೆಯರೊಡನೆ ಹಂಚಿಕೊಳ್ಳಿರಿ. ಯಾರಾದರೂ ನಕ್ಕರೆ ಅವರಿಗೇ ಮೊದಲ ತುತ್ತು ಕೊಡಿರಿ.

ಆ ಅತಿಥಿಯು ಮತ್ತೊಮ್ಮೆ ಬರುವುದಾಗಿ ಹೇಳಿ ಹೋಗಿದ್ದಾರೆ. ಅವರ ಪ್ರಶ್ನೆಗೆ ಅಂದು ನಮ್ಮ ತರಗತಿಯು ಬಾಯಿಂದ ಉತ್ತರ ಹೇಳುವುದು ಬೇಡ. ಒಂದು ತಟ್ಟೆಯನ್ನು ಅವರ ಮುಂದಿಟ್ಟರೆ ಸಾಕು.