ಒಂದು ಸಿಲಿಂಡರ್, ಹನ್ನೆರಡು ಹೊರೆ ಕಟ್ಟಿಗೆ

ನಮ್ಮೂರು ದೇವದುರ್ಗ ತಾಲ್ಲೂಕಿನ ಗೂಗಲ್. ಊರ ಮಗ್ಗುಲಲ್ಲೇ ಕೃಷ್ಣಾ ನದಿ. ಇದೇ ಹೊಳೆ ಮುಂದೆ ಹರಿದು ಶಕ್ತಿನಗರ ಮುಟ್ಟುತ್ತದೆ. ಅಲ್ಲಿನ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ರಾಜ್ಯಕ್ಕೆ ಬೆಳಕು ಕೊಡುವ ಜಿಲ್ಲೆ ನಮ್ಮದು. ಆದರೂ ನಮ್ಮ ಮನೆಯ ರೊಟ್ಟಿ ಬೇಯುವುದು ಹತ್ತಿ ಕಟ್ಟಿಗೆಯ ಒಲೆಯ ಮೇಲೆ.

ಗ್ಯಾಸ್ ಇಲ್ಲವೆಂದಲ್ಲ. ಚಹಾ, ಹಾಲು ಗ್ಯಾಸಿನ ಮೇಲೆ. ರೊಟ್ಟಿ, ಅನ್ನ, ಸ್ನಾನದ ನೀರು ಒಲೆಯ ಮೇಲೆ. "ಎಲ್ಲಾ ಗ್ಯಾಸ್ ಮ್ಯಾಲೆ ಮಾಡಿದ್ರ ಸಿಲಿಂಡರ್ ಎಷ್ಟು ದಿನ ಬರತೈತಿ? ಕಟ್ಟಿಗೆ ಪುಕ್ಕಟೆ ಸಿಗತಾವ" ಎನ್ನುತ್ತಾರೆ ಅಮ್ಮಿ. ನಿಜಕ್ಕೂ ಪುಕ್ಕಟೆಯೇ? ಭೌತಶಾಸ್ತ್ರದಲ್ಲಿ ಶಕ್ತಿ ಮತ್ತು ದಕ್ಷತೆಯ ಪಾಠ ಓದಿದ ಮೇಲೆ ಲೆಕ್ಕ ಹಾಕಿದೆ.

ಒಂದು ಕೆಜಿ ಅಡುಗೆ ಅನಿಲದಲ್ಲಿ ಸುಮಾರು 46 ಮೆಗಾಜೂಲ್ ಶಕ್ತಿ ಇರುತ್ತದೆ. ಗ್ಯಾಸ್ ಒಲೆಯ ದಕ್ಷತೆ ಶೇ 60 ಎಂದು ಹಿಡಿದರೆ ಪಾತ್ರೆಗೆ ಸಿಗುವುದು 27.6 ಮೆಗಾಜೂಲ್. ಒಣ ಕಟ್ಟಿಗೆಯಲ್ಲಿ ಕೆಜಿಗೆ ಸುಮಾರು 16 ಮೆಗಾಜೂಲ್. ಆದರೆ ಮೂರು ಕಲ್ಲಿನ ಒಲೆಯ ದಕ್ಷತೆ ಶೇ 10ರ ಆಸುಪಾಸು. ಪಾತ್ರೆಗೆ ಸಿಗುವುದು ಬರೀ 1.6 ಮೆಗಾಜೂಲ್. ಅಂದರೆ ಒಂದು ಕೆಜಿ ಗ್ಯಾಸಿನ ಕೆಲಸಕ್ಕೆ ಸುಮಾರು 17 ಕೆಜಿ ಕಟ್ಟಿಗೆ ಬೇಕು. 14.2 ಕೆಜಿಯ ಒಂದು ಸಿಲಿಂಡರಿಗೆ ಸುಮಾರು 240 ಕೆಜಿ. ಇಪ್ಪತ್ತು ಕೆಜಿಗೆ ಒಂದು ಹೊರೆಯಾದರೆ ಹನ್ನೆರಡು ಹೊರೆ. ಅಷ್ಟನ್ನೂ ಅಮ್ಮಿ ತಲೆಯ ಮೇಲೆ ಹೊತ್ತು ತರುತ್ತಾರೆ. ಪುಕ್ಕಟೆ ಎನ್ನುವುದರ ಬೆಲೆ ಇದು.

ಹೊಗೆಯ ಲೆಕ್ಕ ಬೇರೆ. ಕಟ್ಟಿಗೆ ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಮತ್ತು ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಒಲೆಯ ಮುಂದೆ ಕುಳಿತವರ ಪುಪ್ಪುಸಕ್ಕೆ ಅವು ನೇರವಾಗಿ ಇಳಿಯುತ್ತವೆ.

ಇದನ್ನೇ ಇಂಧನ ಬಡತನ ಎನ್ನುತ್ತಾರೆ. ಸಂಪರ್ಕ ಇದ್ದರೆ ಸಾಲದು, ಬಳಸುವ ಶಕ್ತಿಯೂ ಇರಬೇಕು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ ಬಡ ಮನೆಯ ಹೆಣ್ಣುಮಗಳ ಹೆಸರಿಗೆ ಗ್ಯಾಸ್ ಸಂಪರ್ಕ ಕೊಟ್ಟಿತು. ಆದರೆ ಸಿಲಿಂಡರ್ ತುಂಬಿಸಲು ಒಂದೇ ಸಲ ರೊಕ್ಕ ಎಣಿಸಬೇಕು. ಕೂಲಿಯ ಮನೆಗೆ ರೊಕ್ಕ ಬರುವುದು ದಿನಕ್ಕಿಷ್ಟು. ಈ ಯೋಜನೆಯಲ್ಲಿ 5 ಕೆಜಿಯ ಸಣ್ಣ ಸಿಲಿಂಡರೂ ಉಂಟು. ನಿಮ್ಮ ಮನೆಯಲ್ಲಿ ಉಜ್ವಲಾ ಸಂಪರ್ಕವಿದ್ದರೆ ವಿಚಾರಿಸಿ.

ವಿದ್ಯುತ್ತಿನದೂ ಅಷ್ಟೇ. 2023ರ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಂಬುದು ಮೇಲಿನ ಮಿತಿ. ಪ್ರತಿ ಮನೆಗೆ ಉಚಿತವಾಗಿ ಸಿಗುವುದು ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ. 60 ವ್ಯಾಟಿನ ಬಲ್ಬ್ ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿಗೆ 1.35 ಯೂನಿಟ್ ಸಾಕು. ಇಸ್ರಾಫ್, ಅಂದರೆ ದುಂದು, ಬೇಡವೆಂದು ನಮಗೆ ಮದರಸದಲ್ಲೇ ಕಲಿಸಿದ್ದಾರೆ.

ಲೆಕ್ಕವನ್ನು ಅಮ್ಮಿಗೆ ಓದಿ ಹೇಳಿದೆ. ನಕ್ಕರು. "ಹನ್ನೆರಡರಾಗ ನೀ ಎಷ್ಟು ಹೊತ್ತೀ?" ಎಂದರು. ಉತ್ತರ ಸೊನ್ನೆ. ಈಗ ಭಾನುವಾರದ ಹೊರೆ ನನ್ನದು. ಬೇಳೆ ರಾತ್ರಿಯೇ ನೆನೆ ಹಾಕುತ್ತೇವೆ, ಪಾತ್ರೆಗೆ ಮುಚ್ಚಳ ತಪ್ಪಿಸುವುದಿಲ್ಲ. ಗೆಳೆಯರೇ, ನಿಮ್ಮ ಮನೆಯ ಲೆಕ್ಕವನ್ನೂ ಒಮ್ಮೆ ಹಾಕಿ. ಹೊರೆ ಯಾರ ತಲೆಯ ಮೇಲಿದೆ ಎಂದೂ ನೋಡಿ.